ಸೇಡು ತೀರಿದ ಮೇಲೆ ಜೀವಂಧರ ಕಂಡದ್ದು

ಸಿಂಹಾಸನವಿದ್ದಲ್ಲಿ ಸಂಚೂ ಇರುತ್ತದೆ. ನಂಬಿದ ಮಂತ್ರಿಯೇ ಅರಸನನ್ನು ಕೊಲ್ಲಿಸುವುದು, ತುಂಬು ಬಸುರಿ ರಾಣಿ ಪ್ರಾಣ ಉಳಿಸಿಕೊಂಡು ಪಾರಾಗುವುದು, ಯಾರಿಗೂ ಅರಿವಾಗದಂತೆ ಬೆಳೆದ ರಾಜಕುಮಾರ ಒಂದು ದಿನ ತಂದೆಯ ಕೊಲೆಗಾರನನ್ನು ಸಂಹರಿಸಿ ಪಟ್ಟವೇರುವುದು - ಇಂಥ ಕಥೆಗಳಿಲ್ಲದ ನಾಡಿಲ್ಲ, ಭಾಷೆಯಿಲ್ಲ. ಕೇಳುಗನ ಮನಸ್ಸು ಆದಿಯಿಂದಲೂ ಆ ಕೊನೆಯ ಬಾಣಕ್ಕಾಗಿಯೇ ಕಾದಿರುತ್ತದೆ. ದ್ರೋಹಿ ನೆಲಕ್ಕುರುಳಿದೊಡನೆ ನ್ಯಾಯ ಸಂದಿತೆಂದು ಸಮಾಧಾನಗೊಳ್ಳುತ್ತದೆ. ಜೈನ ಪರಂಪರೆಯೂ ಇಂಥದೇ ಒಂದು ಕಥೆಯನ್ನು ಶತಮಾನಗಳಿಂದ ಹೇಳುತ್ತ ಬಂದಿದೆ. ಆದರೆ ದ್ರೋಹಿ ಬಿದ್ದಲ್ಲಿಗೆ ಆ ಕಥೆ ಮುಗಿಯುವುದಿಲ್ಲ. ಗೆದ್ದವನು ಏನಾದನೆಂದು ಅದು ಕೇಳುತ್ತದೆ. ಅದು ಜೀವಂಧರಸ್ವಾಮಿಯ ಕಥೆ.

ಭಗವಾನ್ ಮಹಾವೀರರ ಕಾಲದಲ್ಲಿ ನಡೆದುದೆಂದು ಪುರಾಣ ಹೇಳುವ ಈ ಚರಿತೆ ಗುಣಭದ್ರಾಚಾರ್ಯರ ‘ಉತ್ತರಪುರಾಣ’ದಲ್ಲಿದೆ. ವಾದೀಭಸಿಂಹ ಸೂರಿಗಳು ಇದನ್ನು ‘ಗದ್ಯಚಿಂತಾಮಣಿ’ಯಲ್ಲಿ ಗದ್ಯವಾಗಿಯೂ ‘ಕ್ಷತ್ರಚೂಡಾಮಣಿ’ಯಲ್ಲಿ ಪದ್ಯವಾಗಿಯೂ ಎರಡು ಸಲ ಹೇಳಿದ್ದಾರೆ. ತಮಿಳಿನ ಐದು ಮಹಾಕಾವ್ಯಗಳಲ್ಲಿ ಒಂದೆನಿಸಿದ ತಿರುತ್ತಕ್ಕದೇವರ ‘ಜೀವಕಚಿಂತಾಮಣಿ’ಯ ವಸ್ತುವೂ ಇದೇ. ಕನ್ನಡದಲ್ಲಿ ಭಾಸ್ಕರಕವಿ 1424ರಲ್ಲಿ ಭಾಮಿನಿ ಷಟ್ಪದಿಯಲ್ಲಿ ‘ಜೀವಂಧರಚರಿತೆ’ಯನ್ನು ರಚಿಸಿದ, ಅನಂತರ ತೆರಕಣಾಂಬಿಯ ಬೊಮ್ಮರಸ ಸಾಂಗತ್ಯದಲ್ಲಿ ಹಾಡಿದ. ‘ಕ್ಷತ್ರಚೂಡಾಮಣಿ’ಯದು ಒಂದು ವಿಶೇಷ: ಅದರ ಬಹುಪಾಲು ಶ್ಲೋಕಗಳಲ್ಲಿ ಅರ್ಧ ಕಥೆ, ಇನ್ನರ್ಧ ನೀತಿ. ಘಟನೆ ನಡೆಯುತ್ತಿರುವಾಗಲೇ ಅದರ ತೂಕವನ್ನೂ ಕವಿ ನೋಡುತ್ತ ಹೋಗುತ್ತಾರೆ. ಈ ಲೇಖನ ಮುಖ್ಯವಾಗಿ ಆ ಕಾವ್ಯವನ್ನು ಅನುಸರಿಸಿದೆ.

ದ್ರೋಹದ ಬೀಜ

ಹೇಮಾಂಗದ ದೇಶದ ರಾಜಪುರಿಯಲ್ಲಿ ಸತ್ಯಂಧರನೆಂಬ ಅರಸ. ಅವನ ಪಟ್ಟದರಸಿ ವಿಜಯಾದೇವಿ. ರಾಣಿಯ ಮೇಲಿನ ಅತಿಯಾದ ಅನುರಾಗದಲ್ಲಿ ಮುಳುಗಿದ ದೊರೆ, ಹಿತೈಷಿಗಳು ಬೇಡವೆಂದರೂ ಕೇಳದೆ, ರಾಜ್ಯಭಾರವನ್ನು ಕಾಷ್ಠಾಂಗಾರನೆಂಬವನಿಗೆ ಒಪ್ಪಿಸಿ ಅಂತಃಪುರ ಸೇರಿದ. ಕಾಷ್ಠಾಂಗಾರನೆಂದರೆ ಕಟ್ಟಿಗೆಯ ಕೆಂಡ. ಯಾವ ಕಟ್ಟಿಗೆಯಲ್ಲಿ ಹುಟ್ಟಿತೋ ಅದನ್ನೇ ಸುಡುವುದು ಕೆಂಡದ ಗುಣ.

ಇಲ್ಲಿ ಕಥೆಯ ಪ್ರಾಮಾಣಿಕತೆಯನ್ನು ಗಮನಿಸಬೇಕು. ಸಂಚಿನ ಕಥೆಗಳಲ್ಲಿ ಸಾಮಾನ್ಯವಾಗಿ ಕೊಲೆಯಾದ ಅರಸ ನಿರ್ದೋಷಿ, ಕೊಂದವನೊಬ್ಬನೇ ದುಷ್ಟ. ಜೈನ ಕವಿ ಹಾಗೆ ಆರಂಭಿಸುವುದಿಲ್ಲ. ಅರಸನ ವಿಷಯಾಸಕ್ತಿಯೇ ದ್ರೋಹಕ್ಕೆ ಬಾಗಿಲು ತೆರೆಯಿತೆಂದು ಮೊದಲೇ ಹೇಳುತ್ತಾರೆ. ಕಾವಲಿಲ್ಲದ ಅಧಿಕಾರ ಕೈಗೆ ಬಂದಾಗ ಕಾಷ್ಠಾಂಗಾರನಿಗೆ ಕೃತಜ್ಞತೆ ಹುಟ್ಟಬೇಕಿತ್ತು, ಹುಟ್ಟಿದ್ದು ಅಸಹನೆ. ರಾಜ್ಯವನ್ನೆಲ್ಲ ನಡೆಸುವವನು ತಾನು, ಆದರೂ ಇನ್ನೊಬ್ಬನ ಅಧೀನ ಎಂಬ ಯೋಚನೆ ಅವನನ್ನು ಕೊರೆಯತೊಡಗಿತು. ಇದು ಮಾನಕಷಾಯ. ಆ ಮಾನ ಲೋಭವನ್ನು ಕರೆತಂದಿತು. ಲೋಭ ಮಾಯೆಯನ್ನು, ಎಂದರೆ ಕಪಟವನ್ನು, ಕರೆತಂದಿತು. ಅರಸನನ್ನು ಕೊಲ್ಲುವಂತೆ ದೈವವೊಂದು ತನ್ನನ್ನು ಪೀಡಿಸುತ್ತಿದೆಯೆಂದು ಅವನು ಮಂತ್ರಾಲೋಚನೆಯಲ್ಲಿ ಹೇಳಿದ. ತನ್ನ ಆಸೆಗೆ ದೇವರ ಹೆಸರಿಟ್ಟ. ಧರ್ಮದತ್ತನೆಂಬ ಸಚಿವ ರಾಜದ್ರೋಹ ಮಹಾಪಾಪವೆಂದು ಎದ್ದು ಹೇಳಿದ. ಕಾಷ್ಠಾಂಗಾರನ ಬಂಧು ಮಥನನಿಗೆ ಸಂಚೇ ಪ್ರಿಯವಾಯಿತು. ಸಭೆಯಲ್ಲಿ ಒಂದು ಸತ್ಯದ ಧ್ವನಿ ಇದ್ದರೂ ಅದಕ್ಕೆ ಬಲ ಕೊಡುವವರಿಲ್ಲದಿದ್ದರೆ ಏನಾಗುತ್ತದೋ ಅದೇ ರಾಜಪುರಿಯಲ್ಲಾಯಿತು. ಸೇನೆ ಅರಮನೆಯನ್ನು ಮುತ್ತಿತು.

ವಿಜಯಾದೇವಿ ಕಂಡ ಕನಸಿನಿಂದ ತನ್ನ ಕೇಡನ್ನು ಮೊದಲೇ ಊಹಿಸಿದ್ದ ಸತ್ಯಂಧರ, ನವಿಲಿನ ಆಕಾರದ ಗಗನಯಂತ್ರವೊಂದನ್ನು ಮಾಡಿಸಿಟ್ಟಿದ್ದ. ಗರ್ಭಿಣಿ ರಾಣಿಯನ್ನು ಅದರಲ್ಲಿ ಕೂರಿಸಿ ಕಳುಹಿಸಿ, ತಾನು ಕತ್ತಿ ಹಿಡಿದು ಹೊರಬಂದ. ಕಾದಾಡುತ್ತಿದ್ದಂತೆಯೇ ಅವನಿಗೆ ವಿವೇಕ ಮೂಡಿತು. ಈ ಸೈನಿಕರನ್ನು ಕೊಂದು ಪಡೆಯುವುದೇನು? ತನ್ನನ್ನು ಇಲ್ಲಿಗೆ ತಂದದ್ದು ತನ್ನದೇ ವಿಷಯಾಸಕ್ತಿಯಲ್ಲವೇ? ಹೀಗೆ ಚಿಂತಿಸಿ ರಣರಂಗದಲ್ಲೇ ಯುದ್ಧವನ್ನು ಕೈಬಿಟ್ಟು, ಪರಿಗ್ರಹವನ್ನು ಮನಸ್ಸಿನಿಂದ ತ್ಯಜಿಸಿ, ಶಾಂತಭಾವದಲ್ಲಿ ದೇಹವನ್ನು ಬಿಟ್ಟ.

ಓದುಗರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು. ಯಾರ ಕೊಲೆಗೆ ಮುಂದೆ ಪ್ರತೀಕಾರ ನಡೆಯಬೇಕಾಗಿದೆಯೋ ಆ ತಂದೆ ವೈರವನ್ನು ತನ್ನೊಡನೆ ಒಯ್ಯಲಿಲ್ಲ, ಹಿಂದೆ ಬಿಟ್ಟೂ ಹೋಗಲಿಲ್ಲ. ಸತ್ತವರ ಹೆಸರಿನಲ್ಲಿ ಬದುಕಿದವರು ಸಾಕುವ ದ್ವೇಷ ಎಷ್ಟೋ ಸಲ ಸತ್ತವರದಾಗಿರುವುದಿಲ್ಲ.

ಮಸಣದಲ್ಲಿ ಹುಟ್ಟಿದ ಮಗು

ನವಿಲಿನ ಯಂತ್ರ ಅದೇ ಊರಿನ ಮಸಣದಲ್ಲಿ ಇಳಿಯಿತು. ಅಲ್ಲಿಯೇ ವಿಜಯಾದೇವಿ ಗಂಡುಮಗುವನ್ನು ಹೆತ್ತಳು. ಅದೇ ಹೊತ್ತಿಗೆ ಗಂಧೋತ್ಕಟನೆಂಬ ವೈಶ್ಯಶ್ರೇಷ್ಠಿ ತೀರಿಹೋದ ತನ್ನ ಕೂಸನ್ನು ಮಣ್ಣುಮಾಡಲು ಅಲ್ಲಿಗೆ ಬಂದಿದ್ದ. ಅರಸನ ಮುದ್ರೆಯುಂಗುರವಿದ್ದ ಶಿಶುವನ್ನು ಎತ್ತಿಕೊಂಡ. ‘ಜೀವ’, ಬಾಳು ಎಂಬ ಹರಕೆ ಕೇಳಿಬಂತು. ಅದರಿಂದಲೇ ಮಗುವಿಗೆ ಹೆಸರಾಯಿತು. ಮನೆಗೆ ಬಂದು, ಕೂಸು ಸತ್ತಿರಲಿಲ್ಲವೆಂದು ಹೆಂಡತಿ ಸುನಂದೆಯ ಮಡಿಲಲ್ಲಿಟ್ಟ. ರಾಣಿ ದಂಡಕಾರಣ್ಯದ ತಪೋವನ ಸೇರಿದಳು. ಶ್ರೇಷ್ಠಿ ಮಗನ ಜನ್ಮೋತ್ಸವ ನಡೆಸಿದಾಗ, ತಾನು ರಾಜನಾದ ಸಂತೋಷಕ್ಕೆ ಈ ಉತ್ಸವವೆಂದು ಭಾವಿಸಿದ ಕಾಷ್ಠಾಂಗಾರ ಅವನಿಗೆ ಹಣ ಕೊಟ್ಟು ಮನ್ನಿಸಿದ. ಕಪಟದಿಂದ ಗದ್ದುಗೆಯೇರಿದವನಿಗೆ ಊರಿನ ಪ್ರತಿ ನಗೆಯೂ ತನ್ನ ಹೊಗಳಿಕೆಯಾಗಿಯೇ ಕಾಣುತ್ತದೆ.

ಬಾಲಕ ಬೆಳೆಯುತ್ತಿದ್ದಾಗ ಆರ್ಯನಂದಿಯೆಂಬವರು ಆ ಮನೆಗೆ ಬಂದರು. ಅವರು ಹಿಂದೆ ವಿದ್ಯಾಧರ ಅರಸರಾಗಿದ್ದು ವಿರಕ್ತರಾಗಿ ಮುನಿದೀಕ್ಷೆ ಪಡೆದವರು. ಎಷ್ಟು ಉಂಡರೂ ಹಸಿವಡಗದ ಭಸ್ಮಕವ್ಯಾಧಿ ಅಂಟಿಕೊಂಡು, ವ್ರತ ನಡೆಸಲಾಗದೆ ಅಲೆಯುತ್ತಿದ್ದರು. ಜೀವಂಧರ ತನ್ನ ಕೈಯಿಂದ ನೀಡಿದ ತುತ್ತಿನಿಂದ ಅವರ ವ್ಯಾಧಿ ಶಮನವಾಯಿತು. ಆ ಉಪಕಾರಕ್ಕೆ ಪ್ರತಿಯಾಗಿ ಅವರು ಅವನಿಗೆ ಸಕಲ ವಿದ್ಯೆಗಳನ್ನು ಕಲಿಸಿದರು.

ಗುರು ಬೇಡಿದ ದಕ್ಷಿಣೆ

ವಿದ್ಯಾಭ್ಯಾಸ ಮುಗಿದ ದಿನ ಗುರುಗಳು ಶಿಷ್ಯನಿಗೆ ಅವನ ಹುಟ್ಟಿನ ಗುಟ್ಟನ್ನು ತಿಳಿಸಿದರು. ತಾನು ವೈಶ್ಯನ ಮಗನಲ್ಲ, ಸತ್ಯಂಧರನ ಮಗ. ತನ್ನ ತಂದೆಯನ್ನು ಕೊಂದವನು ಕೂಗಳತೆಯಲ್ಲೇ ಸಿಂಹಾಸನದ ಮೇಲೆ ಕುಳಿತಿದ್ದಾನೆ ಎಂದು ಕೇಳಿದ ತರುಣ ಆ ಕ್ಷಣವೇ ಕಾಷ್ಠಾಂಗಾರನನ್ನು ಕೊಲ್ಲಲು ಹೊರಟು ನಿಂತ. ಆರ್ಯನಂದಿ ತಡೆದರು. ಅವರು ‘ಕೊಲ್ಲಬೇಡ’ ಎನ್ನಲಿಲ್ಲ, ಕ್ಷಾತ್ರಧರ್ಮವನ್ನು ಅಲ್ಲಗಳೆಯಲಿಲ್ಲ. ‘ಒಂದು ವರ್ಷ ಅವನನ್ನು ಕ್ಷಮಿಸು; ನನಗೆ ಅದೇ ಗುರುದಕ್ಷಿಣೆ’ ಎಂದು ಬೇಡಿದರು. ಕೋಪದಿಂದ ಕಂಪಿಸುತ್ತಿದ್ದ ಶಿಷ್ಯ ಗುರುವಿನ ಮಾತಿಗೆ ತಲೆಬಾಗಿದ. ಶಿಷ್ಯನಿಂದ ಆ ಭಾಷೆ ಪಡೆದು ಗುರುಗಳು ಮತ್ತೆ ತಪಸ್ಸಿಗೆ ತೆರಳಿದರು.

ಒಂದು ವರ್ಷದ ಈ ಅವಧಿಗೆ ಅರ್ಥವೇನು? ನಮ್ಮ ಆಚಾರ್ಯರು ಕ್ರೋಧವನ್ನು ಅದರ ತೀವ್ರತೆಗೆ ತಕ್ಕಂತೆ ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ನೀರಿನ ಮೇಲೆ ಗೆರೆ ಎಳೆದರೆ ಆಗಲೇ ಅಳಿಸುತ್ತದೆ; ಅದು ಸಂಜ್ವಲನ ಕ್ರೋಧ. ಧೂಳಿನಲ್ಲಿ ಎಳೆದ ಗೆರೆ ಗಾಳಿ ಬೀಸುವವರೆಗೆ ಇರುತ್ತದೆ, ಅದು ಪ್ರತ್ಯಾಖ್ಯಾನಾವರಣ. ಬಿರಿದ ನೆಲದ ಸೀಳು ಕೂಡಲು ಮಳೆ ಬರಬೇಕು, ಅದು ಅಪ್ರತ್ಯಾಖ್ಯಾನಾವರಣ. ಬಂಡೆ ಸೀಳಿದರೆ ಮತ್ತೆ ಕೂಡುವುದಿಲ್ಲ, ಅದು ಅನಂತಾನುಬಂಧಿ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ‘ಗೊಮ್ಮಟಸಾರ’ ಇವುಗಳ ವಾಸನೆ ಮನಸ್ಸಿನಲ್ಲಿ ಉಳಿಯುವ ಕಾಲವನ್ನೂ ಹೇಳುತ್ತದೆ. ಮೊದಲನೆಯದಕ್ಕೆ ಅಂತರ್ಮುಹೂರ್ತ, ಎರಡನೆಯದಕ್ಕೆ ಒಂದು ಪಕ್ಷ, ಮೂರನೆಯದಕ್ಕೆ 6 ತಿಂಗಳು. 6 ತಿಂಗಳನ್ನೂ ಮೀರಿ ಉಳಿದದ್ದು ಭವಭವಾಂತರಕ್ಕೆ ಹಿಂಬಾಲಿಸುವ ಅನಂತಾನುಬಂಧಿ. ಅದು ಸಮ್ಯಕ್ತ್ವವನ್ನೇ ಕೆಡಿಸುತ್ತದೆ.

ಈ ಬೆಳಕಿನಲ್ಲಿ ನೋಡಿದರೆ ಆರ್ಯನಂದಿಗಳ ಬೇಡಿಕೆಯ ಆಳ ತಿಳಿಯುತ್ತದೆ. ಅವರು ಮುಂದೂಡಿಸಿದ್ದು ಯುದ್ಧವನ್ನಷ್ಟೇ ಅಲ್ಲ. ಶಿಷ್ಯನ ಕೋಪ ಕಲ್ಲಿನ ಸೀಳಾಗದಂತೆ ಅದಕ್ಕೆ ಮಳೆಗಾಲವೊಂದು ದಾಟುವಷ್ಟು ಕಾಲ ಕೊಟ್ಟರು. ವರ್ಷ ಕಳೆದ ಮೇಲೂ ತಂದೆಯ ಕೊಲೆ ಕೊಲೆಯಾಗಿಯೇ ಉಳಿದಿರುತ್ತದೆ, ರಾಜ್ಯ ಅಪಹೃತವಾಗಿಯೇ ಇರುತ್ತದೆ. ನ್ಯಾಯದ ಪ್ರಶ್ನೆ ಕಾಯಬಲ್ಲದು. ಕಾಯಲಾರದೆ ಕುದಿಯುವುದು ಕೋಪವೊಂದೇ. ತನ್ನೊಳಗಿನ ಒತ್ತಡ ಎರಡರಲ್ಲಿ ಯಾವುದೆಂದು ತಿಳಿಯಬೇಕಾದರೆ ಕಾಯುವುದೇ ದಾರಿ.

ತಡೆದ ಕೈ ಮಾಡಿದ ಕೆಲಸ

ಆ ಅವಧಿಯಲ್ಲಿ ಜೀವಂಧರ ಸುಮ್ಮನೆ ಕೂರಲಿಲ್ಲ. ಬೇಡರು ಗೋವಳರ ದನಗಳನ್ನು ಹೊಡೆದುಕೊಂಡು ಹೋದಾಗ ಕಾಷ್ಠಾಂಗಾರನ ಸೇನೆ ಸೋತು ಮರಳಿತು. ಜೀವಂಧರ ಹೋಗಿ ಗೋವುಗಳನ್ನು ಬಿಡಿಸಿ ತಂದ. ಶತ್ರುವಿನ ಆಳ್ವಿಕೆಗೆ ಕೆಟ್ಟ ಹೆಸರು ಬರಲೆಂದು ಪ್ರಜೆಗಳ ನಷ್ಟವನ್ನು ನೋಡುತ್ತ ನಿಲ್ಲಲಿಲ್ಲ. ವಸಂತೋತ್ಸವದ ದಿನ ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯೊಂದರ ಬಳಿ ಕುಳಿತು ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಉಸುರಿದ. ಅದು ಸತ್ತು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿತು. ಅದೇ ಉತ್ಸವದಲ್ಲಿ ಕಾಷ್ಠಾಂಗಾರನ ಆನೆ ಮದವೇರಿ ಗುಣಮಾಲೆಯೆಂಬ ಕನ್ಯೆಯ ಮೇಲೆ ಎರಗಿದಾಗ ಆನೆಯನ್ನು ಹಿಮ್ಮೆಟ್ಟಿಸಿ ಅವಳನ್ನು ಉಳಿಸಿದ. ಸೇಡಿಗೆ ಚಾಚದಂತೆ ತಡೆದ ಕೈ ರಕ್ಷಣೆಗೆ ಬಿಡುವಾಯಿತು.

ತನ್ನ ಆನೆಗೆ ಪೆಟ್ಟಾಯಿತೆಂದು ಕಾಷ್ಠಾಂಗಾರ ಕೆರಳಿದ. ಜೀವಂಧರನನ್ನು ಹಿಡಿತರಿಸಿ ಮರಣದಂಡನೆ ವಿಧಿಸಿದ. ಎದುರು ನಿಂತರೆ ಗೆಲ್ಲುವ ಶಕ್ತಿ ಜೀವಂಧರನಿಗಿತ್ತು. ಆದರೆ ಗುರುವಿಗೆ ಕೊಟ್ಟ ವರ್ಷ ಇನ್ನೂ ತುಂಬಿರಲಿಲ್ಲ. ತನ್ನ ಪ್ರಾಣಕ್ಕೇ ಕುತ್ತು ಬಂದಾಗಲೂ ಅವನು ಮಾತು ಮುರಿಯಲಿಲ್ಲ. ಅವನು ನೆನೆದೊಡನೆ ಸುದರ್ಶನ ಯಕ್ಷ ಬಂದು ಅವನನ್ನು ಎತ್ತಿಕೊಂಡು ಚಂದ್ರೋದಯ ಪರ್ವತಕ್ಕೆ ಒಯ್ದ. ಸಾಯುವ ನಾಯಿಗೆ ತೋರಿದ ಕರುಣೆ ಅವನನ್ನು ಕಾಯಿತು.

ಅನಂತರದ ದೇಶಾಟನ, ವಿವಾಹಗಳು, ದಂಡಕಾರಣ್ಯದಲ್ಲಿ ತಾಯಿಯ ಭೇಟಿ - ಇವೆಲ್ಲ ಕಾವ್ಯದಲ್ಲಿ ವಿಸ್ತಾರವಾಗಿವೆ. ಕೊನೆಗೆ ಜೀವಂಧರ ವಿದೇಹದೇಶದ ಅರಸನೂ ಸೋದರಮಾವನೂ ಆದ ಗೋವಿಂದರಾಜನನ್ನು ಸೇರಿದ. ಅಷ್ಟರಲ್ಲಿ ಕಾಷ್ಠಾಂಗಾರನಿಂದ ಗೋವಿಂದರಾಜನಿಗೆ ಓಲೆ ಬಂತು. ಸತ್ಯಂಧರನನ್ನು ಮದದಾನೆಯೊಂದು ಕೊಂದಿತು, ಅಪಕೀರ್ತಿ ತನ್ನ ಮೇಲೆ ಬಿದ್ದಿದೆ, ಬಂದು ಸ್ನೇಹದಿಂದ ಅದನ್ನು ನೀಗಿಸಬೇಕು ಎಂಬುದು ಅದರ ಒಕ್ಕಣೆ. ಇಷ್ಟು ವರ್ಷ ಸಿಂಹಾಸನದ ಮೇಲಿದ್ದರೂ ಅವನು ಮೊದಲ ದಿನದ ಸುಳ್ಳಿನ ಕಾವಲಿನಲ್ಲೇ ಇದ್ದ. ತತ್ತ್ವಾರ್ಥಸೂತ್ರ ರೌದ್ರಧ್ಯಾನವನ್ನು ನಾಲ್ಕು ಬಗೆಯಾಗಿ ಹೇಳುವಾಗ ಹಿಂಸೆ, ಅಸತ್ಯ, ಕಳವುಗಳ ಜೊತೆಗೆ ವಿಷಯಸಂರಕ್ಷಣೆಯನ್ನೂ ಎಣಿಸುತ್ತದೆ. ವಸ್ತುವನ್ನು ಗಳಿಸುವಾಗ ಮಾತ್ರವಲ್ಲ, ಕಾಪಾಡಿಕೊಳ್ಳುವ ಆತಂಕದಲ್ಲೂ ಮನಸ್ಸು ಕ್ರೂರವಾಗುತ್ತದೆ ಎಂದರ್ಥ. ಕಾಷ್ಠಾಂಗಾರ ಕದ್ದದ್ದು ಒಂದು ಸಲ, ಕಾವಲು ಕಾದದ್ದು ಬದುಕಿನುದ್ದಕ್ಕೂ.

ಗೋವಿಂದರಾಜ ಕಪಟವನ್ನು ಅರಿತೂ ಅರಿಯದವನಂತೆ ಸ್ನೇಹದ ನೆಪದಲ್ಲಿ ಸೇನೆಸಮೇತ ರಾಜಪುರಿಗೆ ಬಂದ. ಮಗಳು ಲಕ್ಷ್ಮಣೆಯ ಸ್ವಯಂವರಕ್ಕೆ ಯಂತ್ರಭೇದನದ ಪಣವೊಡ್ಡಿದ. ಗುರಿ ಹೊಡೆದವನು ಜೀವಂಧರ. ಇವನು ಸತ್ಯಂಧರನ ಮಗನೆಂದು ತುಂಬಿದ ರಾಜಸಭೆಯಲ್ಲಿ ಗೋವಿಂದರಾಜ ಸಾರಿದ. ಯುದ್ಧ ನಡೆಯಿತು, ಕಾಷ್ಠಾಂಗಾರ ಹತನಾದ, ಜೀವಂಧರ ತಂದೆಯ ಸಿಂಹಾಸನವನ್ನೇರಿದ.

ಜೈನಧರ್ಮ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಭಾಗಿಸುತ್ತದೆ. ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯನ್ನು ಗೃಹಸ್ಥನು ಬಿಡಲೇಬೇಕು. ದೇಶ, ಪ್ರಜೆ, ಆಶ್ರಿತರ ರಕ್ಷಣೆಗಾಗಿ ಅನಿವಾರ್ಯವಾದ ವಿರೋಧೀ ಹಿಂಸೆಯನ್ನು ಅವನು ಸಂಪೂರ್ಣ ತ್ಯಜಿಸಲಾರ. ಆದುದರಿಂದ ಕವಿ ಈ ಯುದ್ಧವನ್ನು ಹಳಿಯುವುದಿಲ್ಲ. ಹಾಗೆಂದು ಅದನ್ನು ಕಥೆಯ ಫಲವೆಂದೂ ಭಾವಿಸುವುದಿಲ್ಲ. ಫಲ ಬೇರೆಡೆ ಇದೆ. ಅದು ಅಕ್ಷರಶಃ ಒಂದು ಫಲವೇ.

ತೋಟದಲ್ಲಿ ಕಂಡ ನೋಟ

ಧರ್ಮದಿಂದ ಬಹುಕಾಲ ರಾಜ್ಯವಾಳಿದ ಜೀವಂಧರ ಒಂದು ವಸಂತದಲ್ಲಿ ರಾಣಿಯರೊಡನೆ ಉದ್ಯಾನದಲ್ಲಿ ಜಲಕ್ರೀಡೆಯಾಡಿ ವಿಶ್ರಮಿಸುತ್ತಿದ್ದ. ಅಲ್ಲೊಂದು ಕೋತಿಗಳ ಹಿಂಡು. ಗಂಡುಕೋತಿಯೊಂದು ಬೇರೊಂದು ಹೆಣ್ಣಿನೊಡನೆ ಸೇರಿತೆಂದು ಅದರ ಸಂಗಾತಿ ಮುನಿಸಿಕೊಂಡಿತ್ತು. ಗಂಡು ಎಷ್ಟು ಓಲೈಸಿದರೂ ಒಲಿಯಲಿಲ್ಲ. ಕೊನೆಗೆ ಅದು ಸತ್ತಂತೆ ಬಿದ್ದುಕೊಂಡಿತು. ಹೆಣ್ಣು ಬೆದರಿ ಓಡಿಬಂದು ತಬ್ಬಿಕೊಂಡಿತು. ಹಿಗ್ಗಿದ ಗಂಡು ಹಲಸಿನ ಹಣ್ಣೊಂದನ್ನು ತಂದು ಅದಕ್ಕೆ ಕಾಣಿಕೆಯಾಗಿ ಕೊಟ್ಟಿತು. ಅಷ್ಟರಲ್ಲಿ ತೋಟದ ಕಾವಲುಗಾರ ಬಂದು ಕೋತಿಯನ್ನು ಬೆದರಿಸಿ ಆ ಹಣ್ಣನ್ನು ಕಿತ್ತುಕೊಂಡ.

ಇಷ್ಟೇ ನಡೆದದ್ದು. ನೋಡುತ್ತಿದ್ದ ರಾಣಿಯರಿಗೆ ಅದು ವಿನೋದ. ಅರಸನಿಗೆ ಮಾತ್ರ ತನ್ನ ಬದುಕೆಲ್ಲ ಆ ತೋಟದಲ್ಲಿ ನಡೆದಂತಾಯಿತು. ಕೋತಿ ಕಾಷ್ಠಾಂಗಾರನಂತೆ ಕಂಡಿತು. ಹಣ್ಣು ರಾಜ್ಯದಂತೆ ಕಂಡಿತು. ಕಾವಲುಗಾರನಲ್ಲಿ ತನ್ನನ್ನೇ ಕಂಡ. ಹಾಗಾದರೆ ಈ ರಾಜ್ಯ ತಾನು ಬಿಡಬೇಕಾದದ್ದು ಎಂದು ನಿಶ್ಚಯಿಸಿದ.

ಈ ಹೋಲಿಕೆ ನಿಷ್ಠುರವಾದದ್ದು. ಕಾವಲುಗಾರ ಕಳ್ಳನಲ್ಲ, ತೋಟದ ಮೇಲೆ ಅವನಿಗೆ ನ್ಯಾಯವಾದ ಅಧಿಕಾರವಿತ್ತು. ಜೀವಂಧರನೂ ಪರರ ರಾಜ್ಯವನ್ನು ಕಿತ್ತುಕೊಂಡವನಲ್ಲ. ತಂದೆಯದನ್ನು ಮರಳಿ ಪಡೆದವನು. ಆದರೂ ಹಣ್ಣು ಕೈಯಿಂದ ಕೈಗೆ ಹೋದದ್ದು ಬಲದಿಂದಲೇ. ಇಂದು ಕಿತ್ತುಕೊಂಡ ಕೈಯಿಂದ ನಾಳೆ ಇನ್ನೊಂದು ಕೈ ಕಿತ್ತುಕೊಳ್ಳುತ್ತದೆ; ಯಾರೂ ಕಿತ್ತುಕೊಳ್ಳದಿದ್ದರೆ ಕಾಲ ಕಿತ್ತುಕೊಳ್ಳುತ್ತದೆ. ಆ ಸಾಲಿನಲ್ಲಿ ಕಾಷ್ಠಾಂಗಾರ ಒಬ್ಬ, ತಾನೂ ಒಬ್ಬ. ಸೇಡು ತೀರಿಸಿಕೊಂಡವನು ತನ್ನ ಶತ್ರುವಿಗಿಂತ ತಾನು ಸಂಪೂರ್ಣ ಬೇರೆಯೆಂದು ನಂಬಿರುತ್ತಾನೆ. ಆ ನಂಬಿಕೆಯೇ ಅವನ ಗೆಲುವಿನ ಸುಖ. ಆ ನಂಬಿಕೆ ಕಳಚಿದ ಕ್ಷಣ ಜೀವಂಧರನ ವೈರಾಗ್ಯ ಹುಟ್ಟಿತು. ಅವನ ಕಣ್ಣು ತೆರೆಸಿದ್ದು ಶತ್ರುವಿನ ಸಾವಲ್ಲ, ಶತ್ರುವಿನಲ್ಲಿ ಕಂಡ ತನ್ನ ಬಿಂಬ.

ಹಂಸದ ಮರಿ

ಜಿನಾಲಯದಲ್ಲಿ ಚಾರಣಮುನಿಗಳನ್ನು ವಂದಿಸಿ ಜೀವಂಧರ ತನ್ನ ಪೂರ್ವಭವವನ್ನು ಕೇಳಿದ. ಹಿಂದೊಂದು ಜನ್ಮದಲ್ಲಿ ಅವನು ಯಶೋಧರನೆಂಬ ರಾಜಕುಮಾರನಾಗಿದ್ದಾಗ ಆಟಕ್ಕಾಗಿ ಹಂಸದ ಮರಿಯೊಂದನ್ನು ತಾಯಿತಂದೆಯರಿಂದ ಅಗಲಿಸಿ ತಂದು ಸಾಕಿದ್ದ. ತಂದೆ ತಿಳಿಹೇಳಿದಾಗ ತಪ್ಪನ್ನು ಅರಿತು ಪಶ್ಚಾತ್ತಾಪಪಟ್ಟಿದ್ದ. ಆ ಕರ್ಮದ ಉದಯದಿಂದ ಈ ಭವದಲ್ಲಿ ಅವನು ತನ್ನ ತಾಯಿತಂದೆಯರಿಂದ ಅಗಲಬೇಕಾಯಿತು ಎಂದು ಮುನಿಗಳು ತಿಳಿಸಿದರು.

ಇದನ್ನು ತಪ್ಪಾಗಿ ತಿಳಿಯಬಾರದು. ಕಾಷ್ಠಾಂಗಾರನ ದೋಷ ಇದರಿಂದ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಅವನ ದ್ರೋಹದ ಕರ್ಮವನ್ನು ಅವನೇ ಕಟ್ಟಿಕೊಂಡ, ಅವನೇ ಉಣ್ಣಬೇಕು. ಪೀಡಿತನಿಗೆ ‘ನಿನ್ನ ಕರ್ಮ, ಅನುಭವಿಸು’ ಎಂದು ಹೇಳಿ ಕೈತೊಳೆದುಕೊಳ್ಳಲು ಪರರಿಗೂ ಇದರಿಂದ ಅನುಮತಿ ದೊರೆಯುವುದಿಲ್ಲ. ಸ್ವತಃ ನೊಂದವನು ತನ್ನನ್ನು ಕುರಿತು ಕೇಳಿಕೊಳ್ಳಬಹುದಾದ ಪ್ರಶ್ನೆ ಇದು. ಕಾಷ್ಠಾಂಗಾರ ನಿಮಿತ್ತ ಮಾತ್ರ, ಉಪಾದಾನ ನನ್ನಲ್ಲೇ ಇತ್ತೆಂದು ಅರಿತಾಗ ದ್ವೇಷಕ್ಕೆ ಗುರಿಯೇ ಇಲ್ಲವಾಗುತ್ತದೆ. ತಾಯಿಹಕ್ಕಿಯ ಕಣ್ಣಿನಲ್ಲಿ ಆ ರಾಜಕುಮಾರ ಯಾರಾಗಿದ್ದ? ಅವನೂ ಒಬ್ಬ ಅಪಹಾರಿಯೇ.

ಜೀವಂಧರ ಮಗನಿಗೆ ಪಟ್ಟ ಕಟ್ಟಿದ. ಆ ಮಗನ ಹೆಸರು ಸತ್ಯಂಧರ. ಕೊಲೆಯಾದ ಅಜ್ಜನ ಹೆಸರು. ಅಜ್ಜನಿಂದ ದ್ರೋಹಿ ಕಸಿದ ರಾಜ್ಯ ಮೊಮ್ಮಗನಿಗೆ ಯಾರೂ ಕಸಿಯದೆ, ಬಿಟ್ಟುಕೊಟ್ಟದ್ದರಿಂದ ದೊರೆಯಿತು. ಜೀವಂಧರ ಮಹಾವೀರಸ್ವಾಮಿಗಳ ಸಮವಸರಣವನ್ನು ಸೇರಿ ದೀಕ್ಷೆ ಪಡೆದು, ತಪಸ್ಸಿನಿಂದ ಕರ್ಮಗಳನ್ನು ಗೆದ್ದು ಮುಕ್ತನಾದ. ಮಗನಿಗಿಂತ ಮೊದಲೇ ವಿಜಯಾದೇವಿಯೂ ಸುನಂದೆಯೂ ಆರ್ಯಿಕೆಯರಾಗಿದ್ದರು.

ನಮ್ಮ ಕೈಯ ಹಣ್ಣು

ಅರಸೊತ್ತಿಗೆಗಳು ಹೋಗಿವೆ, ಸಂಚು, ಸೇಡುಗಳು ಉಳಿದಿವೆ. ಪಾಲಿನ ಗದ್ದೆಗಾಗಿ ಅಣ್ಣತಮ್ಮಂದಿರು ಹೂಡಿದ ವ್ಯಾಜ್ಯವನ್ನು ಅವರ ಮಕ್ಕಳು ನಡೆಸುತ್ತಾರೆ. ಜಗಳ ಏತಕ್ಕೆ ಹುಟ್ಟಿತೆಂದು ಮೊಮ್ಮಕ್ಕಳಿಗೆ ತಿಳಿದಿರುವುದಿಲ್ಲ, ಮಾತು ಬಿಟ್ಟ ಮನೆ ಯಾವುದೆಂದು ಮಾತ್ರ ತಿಳಿದಿರುತ್ತದೆ. ಸಂಘದ ಅಧ್ಯಕ್ಷಪದವಿಯನ್ನು ಕಳೆದುಕೊಂಡವನು ಮುಂದಿನ ಚುನಾವಣೆಯವರೆಗೆ ನಿದ್ರೆಗೆಡುತ್ತಾನೆ, ಗೆದ್ದವನೂ ನಿದ್ರೆಗೆಡುತ್ತಾನೆ. ಹಕ್ಕಿನದನ್ನು ಕೇಳಬಾರದೆಂದು ಜೀವಂಧರನ ಕಥೆ ಹೇಳುವುದಿಲ್ಲ. ನ್ಯಾಯಾಲಯಕ್ಕೆ ಹೋಗುವುದೂ ಸತ್ಯವನ್ನು ಸಭೆಯಲ್ಲಿ ಸಾರುವುದೂ ಗೃಹಸ್ಥನಿಗೆ ಧರ್ಮವೇ. ಕಥೆ ಎರಡು ಕೆಲಸಗಳನ್ನು ಮಾತ್ರ ನಮ್ಮಿಂದ ಬೇಡುತ್ತದೆ: ಹೆಜ್ಜೆಯಿಡುವ ಮೊದಲು ಕೋಪ ಆರುವಷ್ಟು ಕಾಯುವುದು, ಗೆದ್ದ ಮೇಲೆ ಸೋತವನಲ್ಲಿ ನಮ್ಮನ್ನು ಗುರುತಿಸಿಕೊಳ್ಳುವುದು.

ಭಾದ್ರಪದದ ದಶಲಕ್ಷಣ ಪರ್ವ ಉತ್ತಮ ಕ್ಷಮೆಯಿಂದ ಆರಂಭವಾಗುತ್ತದೆ. ಪರ್ವ ಮುಗಿದ ಬಳಿಕ ಕ್ಷಮಾವಣಿಯಂದು ಎಲ್ಲ ಜೀವಿಗಳನ್ನು ಕ್ಷಮಿಸಿ ಎಲ್ಲರಲ್ಲೂ ಕ್ಷಮೆ ಬೇಡುತ್ತೇವೆ. ಅಂದು ನಾವು ಕೈಮುಗಿಯುವುದು ಬಹುತೇಕ ಸ್ನೇಹಿತರಿಗೆ, ಬಂಧುಗಳಿಗೆ. ಅವರು ಹೇಗೂ ಕ್ಷಮಿಸುವವರೇ. ಮಾತು ಬಿಟ್ಟ ಮನೆಯ ಬಾಗಿಲಿಗೆ ಹೋಗುವುದು ಕಷ್ಟ. ಆದರೆ ಆರ್ಯನಂದಿಗಳು ಶಿಷ್ಯನಿಂದ ಬೇಡಿದ್ದು ಅಂಥ ಕ್ಷಮೆಯನ್ನೇ. ಒಂದೇ ವರ್ಷದ ಮಟ್ಟಿಗೆ, ಕೋಪಕ್ಕೆ ಎಲ್ಲ ಕಾರಣಗಳಿದ್ದಾಗ, ಗೆಲ್ಲುವ ಶಕ್ತಿಯೂ ಇದ್ದಾಗ. ಶಕ್ತಿಯಿಲ್ಲದವನ ಮೌನ ಕ್ಷಮೆಯಲ್ಲ. ಬಾಣ ಕೈಯಲ್ಲಿದ್ದೂ ಕೆಳಗಿಟ್ಟ ಆ ತರುಣನ ವರ್ಷ, ಮುಂದೆ ರಾಜ್ಯವನ್ನೇ ಕೆಳಗಿಡುವುದಕ್ಕೆ ಅವನು ಮಾಡಿಕೊಂಡ ಅಭ್ಯಾಸವಾಗಿತ್ತು.